ಸಲಾಯಿನ್ ಹಚ್ಚಿದರೆ ಚೇತರಿಸಿಕೊಳ್ಳುತ್ತಾರೆಯೇ?

ಜಮಖಂಡಿಯದೋ ಇಂಡಿಯದೋ ಒಂದು ಕುಟುಂಬವು, ಶ್ವಾಸಕೋಶದ ಕ್ಯಾನ್ಸರ್ ಮೂಳೆಗಳಿಗೂ ಹರಡಿದ ಹಿರಿಯರನ್ನು ಬೆಳಗಾವಿಯ ದೊಡ್ಡಾಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ, ಊರಿನ ಡಾಕ್ಟರರ ಮುಂದೆ ಇಡುವ ಬೇಡಿಕೆ ಬಹುಮಟ್ಟಿಗೆ ಒಂದೇ: “ಏನೂ ಉಣ್ಣವಲ್ರು, ಒಂದೆರಡು ಸಲಾಯಿನ್ ಆದ್ರೂ ಹಚ್ರಿ ಸಾಹೇಬ್ರ.” ಮಾತು ಮಮತೆಯದು, ಆದರೆ ಅದರಲ್ಲಿ ಕಾರಣವೂ ಪರಿಣಾಮವೂ ಅದಲುಬದಲಾಗಿವೆ. ಉಣ್ಣದ ಕಾರಣ ಜೀವ ಸೊರಗುತ್ತಿದೆ ಎಂದು ಮನೆಯವರು ತಿಳಿಯುತ್ತಾರೆ; ಜೀವ ಮುಗಿಯುವ ಹಂತಕ್ಕೆ ಬಂದಿರುವುದರಿಂದಲೇ ಹಸಿವು ಅಡಗಿರುತ್ತದೆ.

ಮುಂದುವರಿದ ಕ್ಯಾನ್ಸರಿನಲ್ಲಿ ಗಡ್ಡೆಯೂ ದೇಹದ ರೋಗನಿರೋಧಕ ಕಣಗಳೂ ಸೈಟೊಕೈನ್ ಎಂಬ ರಾಸಾಯನಿಕಗಳನ್ನು ಸ್ರವಿಸುತ್ತವೆ. ಇವು ಮಿದುಳಿನಲ್ಲಿ ಹಸಿವನ್ನು ತಗ್ಗಿಸುವುದಲ್ಲದೆ ಸ್ನಾಯುಗಳನ್ನೂ ಕರಗಿಸುವುದರಿಂದ, ಒತ್ತಾಯದಿಂದ ಉಣಿಸಿದ್ದು ಮೈಗೆ ಹತ್ತುವುದಿಲ್ಲ. ಇನ್ನು ಸಲಾಯಿನ್: ಅದು ಲೀಟರಿಗೆ 9 ಗ್ರಾಂ ಉಪ್ಪಿರುವ ನೀರು, ಅದರಲ್ಲಿ ಶಕ್ತಿಯೆಂಬುದೇ ಇಲ್ಲ. ಶೇ. 5ರ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿರುವ 25 ಗ್ರಾಂ ಸಕ್ಕರೆ ಕೊಡುವ ಶಕ್ತಿಯೂ ಒಂದು ಜೋಳದ ರೊಟ್ಟಿಯದಕ್ಕಿಂತ ಕಡಿಮೆ. ನೀರನ್ನು ರಕ್ತನಾಳದೊಳಗೆ ಹಿಡಿದಿಡುವ ಆಲ್ಬುಮಿನ್ ಎಂಬ ಪ್ರೋಟೀನ್ ರಕ್ತದಲ್ಲಿ ಇಳಿದು ಮೂತ್ರಪಿಂಡಗಳು ಮಂದವಾಗಿರುವ ರೋಗಿಯಲ್ಲಿ ಆ ನೀರು ರಕ್ತನಾಳಗಳಿಂದ ಸೋರಿ ಕಾಲುಗಳಲ್ಲಿ ಬಾವಾಗಬಹುದು, ಎದೆಯಲ್ಲಿ ತುಂಬಿ ಉಸಿರಾಟವನ್ನು ಕಷ್ಟಗೊಳಿಸಬಹುದು. 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವು ಕೊನೆಯ ಹಂತದ 129 ಕ್ಯಾನ್ಸರ್ ರೋಗಿಗಳಲ್ಲಿ ಕೆಲವರಿಗೆ ದಿನಕ್ಕೆ ಒಂದು ಲೀಟರ್, ಉಳಿದವರಿಗೆ ಕೇವಲ 100 ಮಿಲಿಲೀಟರ್ ದ್ರವ ಕೊಟ್ಟು ನೋಡಿತು. ಲಕ್ಷಣಗಳಲ್ಲಾಗಲಿ ಬದುಕಿದ ಅವಧಿಯಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. (ವಾಂತಿ-ಭೇದಿಯಿಂದ ನೀರು ಕಳೆದುಕೊಂಡವರ ಮಾತು ಬೇರೆ, ಅಲ್ಲಿ ಬಾಟಲಿ ನಿಜಕ್ಕೂ ಉಪಯುಕ್ತ.) ಕೊನೆಯ ದಿನಗಳಲ್ಲಿ ಪೀಡಿಸುವುದು ಹೆಚ್ಚಾಗಿ ಬಾಯಿಯ ಒಣಗುವಿಕೆ, ಅದಕ್ಕೆ ಒದ್ದೆ ಬಟ್ಟೆಯಿಂದ ತುಟಿ, ನಾಲಿಗೆ ಒರೆಸುವುದೇ ಪರಿಹಾರ.

“ಇನ್ನ ಮನೀಗೆ ಒಯ್ರಿ” ಎಂಬ ಮಾತಿನೊಂದಿಗೆ ಔಷಧದ ಚೀಟಿಯೂ ಇಲ್ಲದೆ ರೋಗಿಯನ್ನು ಕಳುಹಿಸುವುದು, ನನ್ನ ಅಭಿಪ್ರಾಯದಲ್ಲಿ, ವೈದ್ಯಕೀಯವಾಗಿ ಅರ್ಧ ಕೆಲಸ. ರೋಗ ಗುಣವಾಗದಿದ್ದರೂ ನೋವು, ಉಬ್ಬಸ, ವಾಕರಿಕೆ, ನಿದ್ರಾಹೀನತೆಗಳಿಗೆ ಚಿಕಿತ್ಸೆಯುಂಟು. ತೀವ್ರ ನೋವಿಗೆ ಬಾಯಿಂದ ಕೊಡುವ ಮಾರ್ಫಿನ್ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕು ತಾಸಿಗೊಮ್ಮೆ, ಮಲಬದ್ಧತೆ ತಡೆಯುವ ಔಷಧದೊಂದಿಗೆ ನೀಡುತ್ತಾರೆ. ಮಾರ್ಫಿನ್ ಉಬ್ಬಸವನ್ನೂ ತಗ್ಗಿಸಬಹುದು. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಸಾವನ್ನು ಹತ್ತಿರ ತರುತ್ತದೆಂಬ ಭಯಕ್ಕೆ ಆಧಾರವಿಲ್ಲ. ಸಂಕಟ ತಗ್ಗಿಸುವ ಈ ಉಪಶಾಮಕ ಆರೈಕೆಗೆ ಕೊನೆಯ ವಾರದವರೆಗೆ ಕಾಯಬೇಕಾಗಿಯೂ ಇಲ್ಲ. 2010ರಲ್ಲಿ ಬಾಸ್ಟನ್ನಿನಿಂದ ಬಂದ ವರದಿಯಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರಿನವರಿಗೆ ಮಾಮೂಲಿ ಚಿಕಿತ್ಸೆಯ ಜೊತೆಗೆ ಆರಂಭದಿಂದಲೇ ಅದನ್ನು ಕೊಟ್ಟಾಗ ಬದುಕಿದ ಅವಧಿಯ ಮಧ್ಯಾಂಕ (ಅರ್ಧದಷ್ಟು ರೋಗಿಗಳು ದಾಟಿದ ಕಾಲ) 11.6 ತಿಂಗಳಿತ್ತು, ಕೊಡದವರಲ್ಲಿ 8.9 ತಿಂಗಳು. ಕೊನೆಗಾಲದಲ್ಲಿ ಉಗ್ರ ಚಿಕಿತ್ಸೆ ಪಡೆದವರು ಮೊದಲ ಗುಂಪಿನಲ್ಲೇ ಕಡಿಮೆ.

ನಮ್ಮ ಮನೆಗಳಲ್ಲಿ ಗುಣಪಡಿಸುವ ಚಿಕಿತ್ಸೆಯಿಂದ ಉಪಶಾಮಕ ಆರೈಕೆಗೆ ಹೊರಳುವ ತೀರ್ಮಾನ ಹಿರಿಯ ಮಗನ ತಲೆಗೆ ಬೀಳುತ್ತದೆ. ರೋಗಿಗೆ ರೋಗದ ಹೆಸರನ್ನೇ ಹೇಳದೆ ಮುಚ್ಚಿಡುವುದೂ ಉಂಟಾದ್ದರಿಂದ, ವೆಂಟಿಲೇಟರ್ ಬೇಕೇ ಬೇಡವೇ ಎಂದು ಅವರನ್ನು ಕೇಳುವ ಪ್ರಸಂಗವೇ ಬರುವುದಿಲ್ಲ. ಇಂಥ ಚಿಕಿತ್ಸೆ ಬೇಡವೆನ್ನುವ ರೋಗಿಯ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲೇ ಎತ್ತಿಹಿಡಿದಿದೆ. 2023ರಲ್ಲಿ ಸರಳಗೊಳಿಸಿದ ನಿಯಮದಂತೆ, ತನಗೆ ಬೇಡವಾದ ಚಿಕಿತ್ಸೆಗಳನ್ನು ಮುಂಚೆಯೇ ಬರೆದಿಟ್ಟು, ಇಬ್ಬರು ಸಾಕ್ಷಿಗಳೆದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು.