ಭಾವದ ಹೆಸರು ಬರೆದರೂ ಭಾವ ಯಾಕೆ ಮೂಡುವುದಿಲ್ಲ?

ಪ್ರಶ್ನೆ: ಕಥೆಯಲ್ಲಿ ಪಾತ್ರಕ್ಕೆ ಎಷ್ಟು ನೋವಾಯಿತು, ಯಾಕೆ ಕೋಪ ಬಂತು ಎಂಬುದನ್ನೆಲ್ಲ ಬಿಡಿಸಿ ಬರೆಯುತ್ತೇನೆ. ಓದಿದವರು ‘ಭಾಷೆ ಚೆನ್ನಾಗಿದೆ, ಆದರೆ ಮನಸ್ಸಿಗೆ ತಟ್ಟಲಿಲ್ಲ’ ಅನ್ನುತ್ತಾರೆ. ‘ಹೇಳಬೇಡಿ, ತೋರಿಸಿ’ ಎಂಬ ಸಲಹೆಯೂ ಸಿಕ್ಕಿದೆ. ತೋರಿಸುವುದು ಅಂದರೆ ನಿಜವಾಗಿ ಏನು ಮಾಡಬೇಕು?

ಉತ್ತರ: ಆ ಸಲಹೆ ಅರ್ಧಂಬರ್ಧ. ಏನನ್ನು ಹೇಳಬಾರದು, ಏನನ್ನು ಹೇಳಲೇಬೇಕು ಎಂಬುದು ಅದರಲ್ಲಿಲ್ಲ. ಹಾಗಾಗಿ ಕೆಲವರು ಎಲ್ಲವನ್ನೂ ಮುಚ್ಚಿಟ್ಟು ಕಥೆಯನ್ನು ಒಗಟು ಮಾಡಿಬಿಡುತ್ತಾರೆ. ಇನ್ನು ಕೆಲವರು ಕಿಟಕಿ, ಪರದೆ, ಮೋಡ ಅಂತ ಅರ್ಧ ಪುಟ ವರ್ಣನೆಗೆ ಇಳಿಯುತ್ತಾರೆ. ಮಾಡಬೇಕಾದ್ದು ಇಷ್ಟೇ: ಸಂಗತಿಗಳನ್ನು ಧಾರಾಳವಾಗಿ ಕೊಡಿ, ಅವುಗಳಿಂದ ಹೊರಡುವ ತೀರ್ಮಾನವನ್ನು ಓದುಗರಿಗೆ ಬಿಡಿ. ಹೊಸಬರ ಕಥೆಗಳಲ್ಲಿ ಸಾಮಾನ್ಯವಾಗಿ ಇದರ ತಿರುವುಮುರುವು ನಡೆದಿರುತ್ತದೆ. ‘ಅವನು’ ಯಾರು, ಅವಳಿಗೆ ಏನಾಗಬೇಕು ಎಂಬುದು ಕೊನೆಯ ಪುಟದವರೆಗೂ ಗುಟ್ಟು. ಅವನ ದುಃಖ ಮಾತ್ರ ಮೊದಲ ಸಾಲಿನಿಂದಲೇ ಬಹಿರಂಗ.

ಇದು ನಮ್ಮ ಕಾವ್ಯಮೀಮಾಂಸೆಗೆ ಹಳೆಯ ವಿಷಯ. ಶೃಂಗಾರ ಎಂಬ ಪದ ಬಳಸಿದ ಮಾತ್ರಕ್ಕೆ ಶೃಂಗಾರದ ಅನುಭವ ಆಗುವುದಿಲ್ಲ ಎಂದು 9ನೇ ಶತಮಾನದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ ವಾದಿಸಿದ. 11ನೇ ಶತಮಾನದ ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ರಸದೋಷಗಳನ್ನು, ಅಂದರೆ ಭಾವದ ಅನುಭವವನ್ನು ಕೆಡಿಸುವ ತಪ್ಪುಗಳನ್ನು, ಪಟ್ಟಿ ಮಾಡುವಾಗ, ಭಾವವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದನ್ನು ಮೊದಲಿಗೇ ಇಟ್ಟ. ಹಾಗಾದರೆ ಏನನ್ನು ಹೇಳಬೇಕು? ಅದಕ್ಕೆ ಭರತನ ನಾಟ್ಯಶಾಸ್ತ್ರ ಬಹಳ ಹಿಂದೆಯೇ ಸಾಮಗ್ರಿ ಕೊಟ್ಟಿತ್ತು. ಭಾವಕ್ಕೆ ಕಾರಣವಾಗುವ ವ್ಯಕ್ತಿ, ವಸ್ತು, ಸನ್ನಿವೇಶ ವಿಭಾವ. ಹೊರಗೆ ಕಾಣುವ ಮಾತು, ನಡೆ ಅನುಭಾವ. ನಡುನಡುವೆ ಬಂದುಹೋಗುವ ಶಂಕೆ, ಗರ್ವ, ಅಸೂಯೆಯಂಥವು ವ್ಯಭಿಚಾರಿಭಾವ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತವರೇ ಹೆಚ್ಚು, ಆದರೆ ಕಥೆ ತಿದ್ದುವಾಗ ಇಷ್ಟು ಉಪಯೋಗಕ್ಕೆ ಬರುವ ಸಲಕರಣೆ ಇನ್ನೊಂದಿಲ್ಲ.

ಒಂದು ಉದಾಹರಣೆ ನೋಡೋಣ. ಕರಡಿನಲ್ಲಿ ಹೀಗಿದೆ ಅಂತಿಟ್ಟುಕೊಳ್ಳಿ:

‘ತಮ್ಮನಿಗೆ ಕೆಲಸ ಸಿಕ್ಕ ಸುದ್ದಿ ಕೇಳಿ ಸುರೇಶನಿಗೆ ಒಳಗೊಳಗೇ ಹೊಟ್ಟೆಕಿಚ್ಚಾಯಿತು. ಆದರೂ ತೋರಿಸಿಕೊಳ್ಳದೆ ಅಭಿನಂದನೆ ಹೇಳಿದ.’

ವ್ಯಾಕರಣ ಸರಿಯಿದೆ, ಅರ್ಥವೂ ಸ್ಪಷ್ಟ. ತೊಂದರೆ ಏನೆಂದರೆ ಓದುಗರು ಮಾಡಬೇಕಾದ ಕೆಲಸವೇ ಉಳಿದಿಲ್ಲ. ಇದನ್ನೇ ಬೇರೆ ರೀತಿ ಬರೆದರೆ:

‘ಸುರೇಶ ಪತ್ರವನ್ನು ಕೊನೆಯ ಸಾಲಿನವರೆಗೂ ಓದಿದ. “ಒಳ್ಳೇದಾಯ್ತು ಬಿಡೋ” ಅಂದ. ಮಡಿಸಿ ವಾಪಸು ಕೊಡುವಾಗ, “ಸಂಬಳ ತಿಂಗಳು ತಿಂಗಳು ಸರಿಯಾಗಿ ಕೊಡ್ತಾರಂತಾ ಇವರು?” ಅಂತ ಕೇಳಿದ. ತಮ್ಮ ಅದನ್ನು ಬಿಡಿಸಿ ಮತ್ತೆ ಮೊದಲಿಂದ ಓದತೊಡಗಿದ.’

ವಿಭಾವ ಆ ಪತ್ರ. ಅನುಭಾವ ಸುರೇಶನ ಎರಡು ಮಾತು. ಮೊದಲ ಮಾತಿಗೂ ಎರಡನೆಯದಕ್ಕೂ ನಡುವೆ ಇರುವ ಸಂದಿನಲ್ಲಿ ಅಸೂಯೆ ಕೂತಿದೆ, ಅದರ ಹೆಸರು ಎಲ್ಲೂ ಇಲ್ಲ. ಆದರೆ ಈ ನಾಲ್ಕು ವಾಕ್ಯಗಳಲ್ಲಿ ಹೆಚ್ಚು ದುಡಿಯುವುದು ಕೊನೆಯದು. ಅಣ್ಣನ ಮಾತು ತಮ್ಮನ ಖುಷಿಯಲ್ಲಿ ಬಿರುಕು ಬಿಡಿಸಿತು ಎಂಬುದು ಅಲ್ಲಿ ಗೊತ್ತಾಗುತ್ತದೆ. ಒಂದು ಪಾತ್ರದ ಭಾವ ಇನ್ನೊಂದು ಪಾತ್ರದ ಮೇಲೆ ಏನು ಮಾಡಿತು ಎಂದು ಬರೆಯುವುದನ್ನು ತುಂಬಾ ಜನ ಮರೆಯುತ್ತಾರೆ.

ಇಲ್ಲಿ ಎಡವುವ ಜಾಗಗಳೂ ಇವೆ. ಹೊಟ್ಟೆಕಿಚ್ಚು ಎಂಬ ಪದ ತೆಗೆದು ಅದರ ಜಾಗದಲ್ಲಿ ‘ಮುಷ್ಟಿ ಬಿಗಿಯಾಯಿತು’, ‘ಗಂಟಲು ಕಟ್ಟಿತು’, ‘ಕಣ್ಣು ಮಂಜಾಯಿತು’ ಅಂತ ಹಾಕುವುದು ತೋರಿಸಿದಂತಲ್ಲ. ಬಳಸಿ ಬಳಸಿ ಇವೆಲ್ಲ ಭಾವದ ಇನ್ನೊಂದು ಹೆಸರೇ ಆಗಿಹೋಗಿವೆ. ಯಾವ ಕಥೆಯ ಯಾವ ಪಾತ್ರಕ್ಕಾದರೂ ಹೊಂದುವ ಸಾಲು ನಿಮ್ಮ ಪಾತ್ರದ್ದಲ್ಲ. ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು: ಚೆನ್ನಾಗಿ ತೋರಿಸಿ, ಆಮೇಲೆ ನಂಬಿಕೆ ಸಾಲದೆ ‘ಅವನ ಮಾತಿನಲ್ಲಿ ಅಸೂಯೆ ಇಣುಕುತ್ತಿತ್ತು’ ಅಂತ ಒಂದು ವಾಕ್ಯ ಅಂಟಿಸುವುದು. ಓದುಗರು ಆಗಷ್ಟೇ ಕಂಡುಕೊಂಡದ್ದನ್ನು ಅದು ಕಿತ್ತುಕೊಳ್ಳುತ್ತದೆ.

ಹಾಗಂತ ಎಲ್ಲವನ್ನೂ ತೋರಿಸಲು ಹೊರಟರೆ ಕಥೆ ಮುಂದೆ ಸಾಗುವುದಿಲ್ಲ. ಮೇಲಿನ ಎರಡನೇ ರೂಪ ಮೊದಲಿನದ್ದಕ್ಕಿಂತ ಸುಮಾರು ಎರಡು ಪಟ್ಟು ಉದ್ದವಾಗಿದೆ, ಗಮನಿಸಿ. ‘ಮೂರು ವರ್ಷ ಕಳೆಯಿತು’, ‘ಮನೆ ಮಾರಿದರು’ ಎಂಬಂಥವನ್ನು ನೇರ ಹೇಳಿಬಿಡಿ. ಸಂಬಂಧ ಬದಲಾಗುವ ಕ್ಷಣಗಳಿಗೆ ಮಾತ್ರ ಆ ಉದ್ದ ಖರ್ಚು ಮಾಡಿ.

ಮುಂದಿನ ಪ್ರಶ್ನೆ, ಇದನ್ನೆಲ್ಲ ಯಾರ ಕಣ್ಣಿನಿಂದ ನೋಡುತ್ತಿದ್ದೇವೆ? ಮೇಲಿನ ತುಣುಕಿನಲ್ಲಿ ನಿರೂಪಕ ಹೊರಗೆ ನಿಂತಿದ್ದಾನೆ. ಸುರೇಶನ ಒಳಗೇ ಹೊಕ್ಕರೆ ಇನ್ನೂ ಸ್ವಾರಸ್ಯ. ಏಕೆಂದರೆ ಅಸೂಯೆಪಡುವವನಿಗೆ ತಾನು ಅಸೂಯೆಪಡುತ್ತಿದ್ದೇನೆ ಅನ್ನಿಸುವುದೇ ಅಪರೂಪ. ತಾನು ಲೋಕ ಕಂಡವನು, ತಮ್ಮನ ಹಿತ ನೋಡುತ್ತಿದ್ದೇನೆ ಅಂದುಕೊಂಡಿರುತ್ತಾನೆ:

‘ಈ ಕಂಪನಿಗಳ ಹಣೆಬರಹ ಅವನಿಗೇನು ಗೊತ್ತು? ಇನ್ನೂ ಎಳಸು. ಯಾರಾದರೂ ಒಬ್ಬರು ಹೇಳಬೇಕಲ್ಲ.’

ಇಲ್ಲಿ ‘ಎಂದು ಸುರೇಶ ಯೋಚಿಸಿದ’ ಎಂಬುದು ಬೇಡ. ಮೊದಲ ಕರಡಿನಲ್ಲಿ ಬರೆದುಕೊಳ್ಳಿ, ತಿದ್ದುವಾಗ ಕಿತ್ತುಹಾಕಿ. ಕನ್ನಡಕ್ಕೆ ಇದು ಸಲೀಸು. ‘ಅಲ್ಲ’, ‘ತಾನೆ’, ‘ಅಂತೆ’, ‘ಪಾಪ’ ಎಂಬ ಒಂದೊಂದು ಚೂರು ಸಾಕು, ದನಿ ಯಾರದೆಂದು ತಿಳಿದುಹೋಗುತ್ತದೆ. ಆದರೆ ಅದೇ ಪ್ಯಾರಾದಲ್ಲಿ ತಮ್ಮನ ಮನಸ್ಸಿಗೂ ಹಾರಬೇಡಿ. ಇಬ್ಬರೂ ಏನು ಯೋಚಿಸುತ್ತಿದ್ದಾರೆಂದು ಗೊತ್ತಾದರೆ ಊಹಿಸಲು ಏನೂ ಉಳಿಯುವುದಿಲ್ಲ.

ಕ್ರಿಯಾಪದದ ಬಾಲದಲ್ಲೂ ಎಷ್ಟೋ ಅರ್ಥ ಅಡಗಿಸಬಹುದು. ‘ಹೇಳಿದ’ ಎಂಬುದು ಬರೀ ವರದಿ. ‘ಹೇಳಿಬಿಟ್ಟ’ ಎಂದರೆ ಮಾತು ವಾಪಸು ಬರುವುದಿಲ್ಲ, ಬಹುಶಃ ಹೇಳಬಾರದಿತ್ತು. ‘ಹೇಳಿಕೊಂಡ’ ಎಂದರೆ ಮನಸ್ಸು ಹಗುರಾಯಿತು. ಇಷ್ಟಿರುವಾಗ ‘ಪಶ್ಚಾತ್ತಾಪದಿಂದ ಹೇಳಿದನು’ ಎಂಬ ಭಾರ ಯಾಕೆ? ಉಪಮೆಯ ವಿಷಯ ಒಂದೇ ಮಾತು: ಯಾರ ಕಣ್ಣಿನಿಂದ ನೋಡುತ್ತಿದ್ದೀರೋ ಅವರ ಬದುಕಿನಿಂದಲೇ ಅದು ಬರಬೇಕು.

ಇನ್ನು ಸಂಗತಿಗಳ ಜೋಡಣೆ. ಸುರೇಶ ಇದೇ ಕಂಪನಿಗೆ ಹಿಂದೊಮ್ಮೆ ಅರ್ಜಿ ಹಾಕಿ ತಿರಸ್ಕೃತನಾಗಿದ್ದ, ಅದು ತಮ್ಮನಿಗೆ ಗೊತ್ತಿಲ್ಲ ಅಂತಿಟ್ಟುಕೊಳ್ಳಿ. ಓದುಗರಿಗೆ ಯಾವಾಗ ಹೇಳಬೇಕು? ಪತ್ರದ ದೃಶ್ಯ ಮುಗಿದ ಮೇಲೆ ಹೇಳಿದರೆ ಒಂದು ಕ್ಷಣದ ಅಚ್ಚರಿ, ಅಷ್ಟೇ. ಒಂದೆರಡು ಪುಟ ಮುಂಚೆಯೇ ಗೊತ್ತಿದ್ದರೆ ಪತ್ರ ಸುರೇಶನ ಕೈಗೆ ಬರುತ್ತಿದ್ದಂತೆ ಓದುಗರ ಉಸಿರು ಬಿಗಿಯಾಗುತ್ತದೆ, ಅವನ ಪ್ರತಿ ಮಾತಿಗೂ ಎರಡು ಅರ್ಥ ಕೇಳಿಸುತ್ತದೆ. ಆದರೆ ಆ ಸಂಗತಿಯನ್ನು ಡಂಗುರ ಸಾರಿ ಹೇಳಬಾರದು. ಸುರೇಶ ಮೇಜಿನ ಡ್ರಾಯರ್ ಹುಡುಕುವಾಗ ಹಳೆಯ ಬಿಲ್, ಆ ಕಂಪನಿಯ ಎರಡು ಸಾಲಿನ ಪತ್ರ, ಮುರಿದ ಕನ್ನಡಕ ಸಿಕ್ಕವು ಅಂತ ಮೂರರ ನಡುವೆ ಇಡಿ. ಪಟ್ಟಿಯ ಮೊದಲಿಗೆ ಅಥವಾ ಕೊನೆಗೆ ಇಟ್ಟರೆ ಎದ್ದು ಕಾಣುತ್ತದೆ. ಹಿಂದಿನ ಪ್ಯಾರಾದಲ್ಲೇ ಇಟ್ಟರೆ ಕಥೆಗಾರರ ಕೈ ಕಾಣುತ್ತದೆ. ಇಪ್ಪತ್ತು ಪುಟ ಹಿಂದೆ ಇಟ್ಟರೆ ಮರೆತುಹೋಗುತ್ತದೆ, ಆಗ ನಡುವೆ ಇನ್ನೊಮ್ಮೆ ಹಗುರವಾಗಿ ನೆನಪಿಸಬೇಕು.

ತಿದ್ದುವ ಕ್ರಮ ಹೀಗಿರಲಿ. ಕರಡು ಮುಗಿದ ಮೇಲೆ ಕೆಲವು ದಿನ ಬಿಟ್ಟು, ದುಃಖ, ಕೋಪ, ಸಂತೋಷ, ಬೇಸರ, ಒಂಟಿತನ ಎಂಬಂಥ ಪದಗಳ ಕೆಳಗೆಲ್ಲ ಗೆರೆ ಎಳೆಯಿರಿ. ಪ್ರತಿಯೊಂದರ ಹಿಂದಿನ ನಾಲ್ಕೈದು ಸಾಲು ಓದಿ. ಕಾರಣವೂ ನಡೆಯೂ ಅಲ್ಲೇ ಇದ್ದರೆ ಪದ ಹೊಡೆದುಹಾಕಿ. ಇಲ್ಲದಿದ್ದರೆ ಅವನ್ನು ಬರೆದು ಆಮೇಲೆ ಹೊಡೆದುಹಾಕಿ. ನಂತರ ಪ್ರತಿ ಪ್ಯಾರಾದ ಕೊನೆಯ ವಾಕ್ಯ ಮುಚ್ಚಿ ಓದಿ ನೋಡಿ. ವಿವರಣೆ ಹೆಚ್ಚಾಗಿ ಬಚ್ಚಿಟ್ಟುಕೊಳ್ಳುವುದು ಅಲ್ಲಿಯೇ.

ಆಮೇಲೆ ಒಬ್ಬರಿಗೆ ಓದಲು ಕೊಡಿ. ‘ಹೇಗಿದೆ?’ ಅಂತ ಕೇಳಬೇಡಿ, ಅದಕ್ಕೆ ‘ಚೆನ್ನಾಗಿದೆ’ ಎಂಬ ಉತ್ತರ ಸಿದ್ಧವಿರುತ್ತದೆ. ‘ಸುರೇಶ ಎಂಥವನು ಅನ್ನಿಸಿತು?’ ಅಂತ ಕೇಳಿ. ‘ತಮ್ಮನ ಬಗ್ಗೆ ಕಾಳಜಿ ಇರೋನು’ ಎಂದಷ್ಟೇ ಹೇಳಿದರೆ ಡ್ರಾಯರಿನಲ್ಲಿದ್ದ ಪತ್ರ ಅವರ ಕಣ್ಣು ತಪ್ಪಿಸಿದೆ. ಆ ಜಾಗಕ್ಕೆ ಹೋಗಿ ಸುರೇಶ ಅದನ್ನು ಕೈಗೆತ್ತಿಕೊಂಡು ಮತ್ತೆ ಒಳಗಿಡುವಂತೆ ಒಂದು ಸಾಲು ಸೇರಿಸಿ, ಹೊಟ್ಟೆಕಿಚ್ಚು ಎಂಬ ಪದವನ್ನು ಮರಳಿ ತರಬೇಡಿ.