ಪುದೀನ ಮೊದಲು ಹೊರಡುತ್ತದೆ, ಪಚೌಲಿ ಕೊನೆಗೆ

ಗ್ರೀಕರ ಪುರಾಣದಲ್ಲಿ ಮಿಂಥೆ ಅಂತ ಒಬ್ಬ ಅಪ್ಸರೆ ಬರುತ್ತಾಳೆ. ಪಾತಾಳದ ದೊರೆ ಹೇಡಿಸ್ ಅವಳಿಗೆ ಮನಸೋತ. ಅವನ ಹೆಂಡತಿ ಪರ್ಸೆಫೊನಿ ಸಿಟ್ಟಿನಿಂದ ಅವಳನ್ನು ತುಳಿದುಹಾಕಿದಳು. ಮಿಂಥೆ ಪುದೀನ ಗಿಡವಾದಳು. ಇದೇ ಕಥೆ ಹಿಡಿದು ಫ್ರಾನ್ಸಿನ ಡಿಪ್ಟೀಕ್ ಕಂಪನಿ 2019ರಲ್ಲಿ ‘ಓ ದ ಮಿಂಥೆ’ ಅನ್ನೋ ಸೆಂಟ್ ತಂದಿತು. ಗಂಡಸರಿಗೂ ಹೆಂಗಸರಿಗೂ ಒಂದೇ ಬಾಟಲಿ. ಒಳಗಿನ ಮುಖ್ಯ ವಾಸನೆಗಳು ಪುದೀನ, ಜೆರೇನಿಯಂ ಗಿಡ, ಮತ್ತೆ ಪಚೌಲಿ ಅನ್ನೋ ಘಮದ ಎಲೆ.

ಕಥೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಆ ತುಳಿತ. ಪುದೀನ ಎಲೆ ತಿರುಗಿಸಿ ಭೂತಗನ್ನಡಿ ಹಿಡಿಯಿರಿ. ಸಣ್ಣ ಸಣ್ಣ ಹೊಳೆಯುವ ಗುಳ್ಳೆಗಳಿರುತ್ತವೆ, ಎಣ್ಣೆ ಇರೋದು ಅದರೊಳಗೆ. ಚಟ್ನಿಗೆ ಎಲೆ ಬಿಡಿಸುವಾಗ ಗುಳ್ಳೆ ಒಡೆದೇ ಅಡುಗೆಮನೆ ಘಮ್ಮೆನ್ನುವುದು.

ಸೆಂಟ್ ಹಾಕಿಕೊಂಡು ಎರಡೂ ಮಣಿಕಟ್ಟು ಉಜ್ಜಬೇಡಿ, ಅಣುಗಳು ಒಡೆದುಹೋಗುತ್ತವೆ ಅಂತ ಹೇಳುವವರು ಜಾಸ್ತಿ. ತಪ್ಪು. ಎಲೆಯ ಗುಳ್ಳೆ ಒಡೆಯುತ್ತದೆ, ಅಣು ಒಡೆಯುವುದಿಲ್ಲ. ಅಷ್ಟು ಬಲ ಯಾರ ಕೈಯಲ್ಲೂ ಇಲ್ಲ. ಉಜ್ಜಿದರೆ ಚರ್ಮ ಬಿಸಿಯಾಗಿ, ಸೆಂಟ್ ತೆಳುವಾಗಿ ಹರಡಿ, ಹಗುರ ವಾಸನೆಗಳು ಬೇಗ ಹಾರಿಹೋಗುತ್ತವೆ, ಅಷ್ಟೇ.

ಹಾರುವುದು, ಇದೇ ಮುಖ್ಯ. ಚರ್ಮದ ಮೇಲೆ ಸೆಂಟ್ ಬೇರೆ ಏನೋ ಆಗಿಬಿಡುತ್ತದೆ ಅಂದುಕೊಳ್ಳುತ್ತೇವೆ. ಹೆಚ್ಚಾಗಿ ನಡೆಯುವುದು ಒಂದೊಂದೇ ಅಣು ಹೊರಟುಹೋಗುವುದು. ಮೂಗಿಗೆ ಸಿಗುವುದು ಹೊರಟವು ಮಾತ್ರ. ಪುದೀನದ ಘಮದ ಅಣು ಮೆಂಥಾಲ್ ಕುದಿಯುವುದು 212 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಚೌಲಿಯ ಪಚೌಲಾಲ್ 287ರ ಸುಮಾರಿಗೆ. ನಮ್ಮ ಚರ್ಮ 32-33 ಡಿಗ್ರಿ. ಹಾಗಾದರೆ ಹಾರುವುದು ಹೇಗೆ? ಹಗ್ಗದ ಮೇಲಿನ ಬಟ್ಟೆಯ ನೀರು ಕುದಿಯದೆಯೂ ಒಣಗುತ್ತದೆ ಅಲ್ವಾ, ಹಾಗೆ. ಜಾತ್ರೆ ಮುಗಿದಾಗ ಹುಡುಗರು ಮೊದಲು ಓಡುತ್ತಾರೆ, ವಯಸ್ಸಾದವರು ನಿಧಾನಕ್ಕೆ ಎದ್ದು ಸೀರೆ ಕೊಡವಿಕೊಂಡು ಹೊರಡುತ್ತಾರೆ. ಆದರೆ ಅಜ್ಜಿ ಕೈ ಹಿಡಿದ ಮಗು ಅಷ್ಟು ಬೇಗ ಓಡಲಾರದು. ಭಾರದ ಅಣುಗಳ ನಡುವೆ ಸಿಕ್ಕ ಹಗುರ ಅಣುವೂ ಹಾಗೇ ತಡವಾಗುತ್ತದೆ. ಚರ್ಮದ ಎಣ್ಣೆಯೂ ಅದನ್ನು ಹಿಡಿದಿಡುತ್ತದೆ. ಒಣ ಚರ್ಮದವರಿಗೆ ಸೆಂಟ್ ಬೇಗ ಹೋಗುವುದು ಇದಕ್ಕೇ. ಮೊದಲು ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ನೋಡಿ.

ಯಾವ ವಾಸನೆ ಮೊದಲು ಹೊರಡುತ್ತದೆ, ಯಾವುದು ಕೊನೆಗೆ ಅನ್ನೋದಕ್ಕೆ ಅಂಗಡಿಯವರು ಮೇಲಿನದು, ನಡುವಿನದು, ತಳದ್ದು ಅಂತ ಮೂರು ಮೆಟ್ಟಿಲು ತೋರಿಸುತ್ತಾರೆ. ನಿಜದಲ್ಲಿ ಮೆಟ್ಟಿಲಿಲ್ಲ, ಇಳಿಜಾರು. ಪುದೀನದ ಮೆಂಥಾಲ್‌ನ ಅಣುತೂಕ 156, ಜೆರೇನಿಯಂನ ಸಿಟ್ರೊನೆಲಾಲ್‌ನದೂ 156. ಒಂದರ ಹಿಂದೆ ಒಂದು ತಳ್ಳಾಡಿಕೊಂಡೇ ಹೊರಡುತ್ತವೆ. ಪಚೌಲಾಲ್‌ನದು 222, ಅದು ಕೊನೆಗೆ.

ಇನ್ನು ಗಂಡು ವಾಸನೆ, ಹೆಣ್ಣು ವಾಸನೆ. ಅಣುವಿಗೆ ಲಿಂಗ ಎಲ್ಲಿದೆ? 1709ರಲ್ಲಿ ಫರೀನಾ ಮನೆತನ ಜರ್ಮನಿಯ ಕೊಲೋನ್ ಊರಲ್ಲಿ ಸೆಂಟ್ ವ್ಯಾಪಾರ ಶುರುಮಾಡಿತು. ಅವರ ಕೊಲೋನ್ ನೀರನ್ನು ಗಂಡಸರೂ ಹೆಂಗಸರೂ ಬಳಸುತ್ತಿದ್ದರು. ಗುಲಾಬಿ ಅತ್ತರನ್ನು ನಮ್ಮ ಕಡೆ ಗಂಡಸರು ಇವತ್ತಿಗೂ ಹಚ್ಚುತ್ತಾರೆ. ಬೇರೆ ಬೇರೆ ಕಪಾಟು ಮಾಡಿದ್ದು ವ್ಯಾಪಾರ.

ಪಚೌಲಿ ನಮಗೆ ಹೊಸದೇನಲ್ಲ. ಹೂವಿನ ಮಾರುಕಟ್ಟೆಯಲ್ಲಿ ಮಲ್ಲಿಗೆ ಜೊತೆ ಕಟ್ಟುವ ಪಚ್ಚೆತೆನೆ ಅದರ ಹತ್ತಿರದ ನೆಂಟ. 19ನೇ ಶತಮಾನದಲ್ಲಿ ಕಾಶ್ಮೀರಿ ಶಾಲುಗಳನ್ನು ಹುಳ ಹಿಡಿಯದಂತೆ ಪಚೌಲಿ ಎಲೆ ಇಟ್ಟು ಯುರೋಪಿಗೆ ಕಳಿಸುತ್ತಿದ್ದರು. ಆ ವಾಸನೆ ಇದ್ದರೇ ಅಸಲಿ ಶಾಲು ಅಂತ ಅಲ್ಲಿನ ಜನ ನಂಬಿದ್ದರು. ಸಾಗರ ದಾಟಿದರೂ ಎಲೆಯ ವಾಸನೆ ಉಳಿದಿರುತ್ತಿತ್ತು. ಬೆಳಿಗ್ಗೆ ಹಾಕಿದ ಮಿಂಥೆಯಲ್ಲೂ ಮಾರನೆಯ ದಿನ ಅಂಗಿಯ ತೋಳು ಮೂಸಿದರೆ ಪುದೀನ ಸಿಗುವುದಿಲ್ಲ, ಮಳೆ ನೆನೆದ ಮಣ್ಣಿನಂಥ ಪಚೌಲಿ ಸಿಗುತ್ತದೆ.