ದಡದಲ್ಲಿ ನಿಂತು ಎಣಿಸಿದ ಮೀನು

ಕಡಲಿನಲ್ಲಿ ಮೀನು ಕಡಿಮೆಯಾಗುತ್ತಿದೆಯೇ ಎಂದು ಕೇಳಿದರೆ ಸಿಗುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2024ರ ವರದಿಯ ಪ್ರಕಾರ, ಅದು ಗಮನಿಸುತ್ತಿರುವ ಮೀನು ಸಮೂಹಗಳಲ್ಲಿ ಶೇ. 37.7ರಷ್ಟು ಮಿತಿಮೀರಿದ ಮೀನುಗಾರಿಕೆಗೆ ತುತ್ತಾಗಿವೆ; ಕಟ್ಟುನಿಟ್ಟಾದ ಮಿತಿಯಿರುವ ಸಮುದ್ರಗಳಲ್ಲಿ ಮೀನು ಚೇತರಿಸಿಕೊಂಡಿದೆ ಎಂದು ತೋರಿಸುವ ಅಧ್ಯಯನಗಳೂ ಇವೆ. ಎರಡಕ್ಕೂ ಆಧಾರವಿದೆ. ತೊಡಕಿರುವುದು ಎಣಿಕೆಯ ಬಗೆಯಲ್ಲಿ. ನೀರೊಳಗಿನ ಮೀನನ್ನು ಯಾರೂ ಒಂದೊಂದಾಗಿ ಎಣಿಸಲಾರರು. ದಡಕ್ಕೆ ಬಂದದ್ದನ್ನು ತೂಗಿ, ಬಾರದೆ ಉಳಿದದ್ದನ್ನು ಅಂದಾಜು ಮಾಡಬೇಕು.

ಈ ಅಂದಾಜಿನ ಅಗತ್ಯವೇ ಇಲ್ಲವೆಂದು ನಂಬಿದ್ದ ಕಾಲವೊಂದಿತ್ತು. 1883ರಲ್ಲಿ ಲಂಡನ್ನಿನ ಮೀನುಗಾರಿಕಾ ಪ್ರದರ್ಶನದಲ್ಲಿ ಮಾತನಾಡಿದ ಬ್ರಿಟಿಷ್ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ, ಕಾಡ್, ಹೆರಿಂಗ್‌ನಂಥ ಮೀನುಗಳು ಬಹುಶಃ ಬರಿದಾಗಲಾರವು ಎಂದರು. ಅಂದಿನ ಮೀನುಗಾರಿಕೆಯ ವಿಧಾನಗಳಿಗೆ ಸಂಬಂಧಿಸಿ ಮಾತ್ರ ಎಂಬ ಷರತ್ತೂ ಅವರ ಮಾತಿನಲ್ಲಿತ್ತು, ಆದರೆ ಷರತ್ತನ್ನು ನೆನಪಿಟ್ಟವರು ಕಡಿಮೆ. 1914ರಲ್ಲಿ ನಾರ್ವೆಯ ಮೀನುಗಾರಿಕಾ ವಿಜ್ಞಾನಿ ಯೋಹಾನ್ ಯೋರ್ಟ್ ಹೆರಿಂಗ್ ಮೀನಿನ ಹುರುಪೆಯಲ್ಲಿ ಮರದ ಕಾಂಡದಲ್ಲಿರುವಂತೆ ವರ್ಷಕ್ಕೊಂದರಂತೆ ಮೂಡುವ ಉಂಗುರಗಳನ್ನು ಎಣಿಸಿ, 1904ರಲ್ಲಿ ಹುಟ್ಟಿದ ಒಂದೇ ಪೀಳಿಗೆ ಹಲವು ವರ್ಷಗಳ ಕಾಲ ಬಲೆ ತುಂಬುತ್ತಿದೆ ಎಂದು ತೋರಿಸಿದರು. ಎರಡು ಮಹಾಯುದ್ಧಗಳು, ಆಮೇಲೆ ಮೀನುಗಾರಿಕಾ ವಿಜ್ಞಾನಿಗಳಾದ ಷೇಫರ್, ಬೆವರ್ಟನ್ ಮತ್ತು ಹೋಲ್ಟ್ ಅವರ ಸಮೀಕರಣಗಳು ಬಂದುಹೋಗುವಷ್ಟರಲ್ಲಿ ‘ಗರಿಷ್ಠ ಸುಸ್ಥಿರ ಇಳುವರಿ’ ಎಂಬ ಪದಪುಂಜ ಗಟ್ಟಿಯಾಗಿ ನೆಲೆಯೂರಿತು. ಸಮೂಹವನ್ನು ಒಂದಿಷ್ಟು ತೆಳುವಾಗಿಸಿದರೆ ಉಳಿದ ಮೀನುಗಳಿಗೆ ಆಹಾರ ಹೆಚ್ಚು ಸಿಕ್ಕಿ ಅವು ಬೇಗ ಬೆಳೆಯುತ್ತವೆ, ಹೀಗೆ ಹೆಚ್ಚಿದಷ್ಟನ್ನೇ ಹಿಡಿಯುತ್ತಾ ಹೋಗಬಹುದು ಎಂಬುದು ಅದರ ತಿರುಳು. ಕಾಗದದ ಮೇಲೆ ಇದಕ್ಕಿಂತ ಅಚ್ಚುಕಟ್ಟಾದ ವಿಚಾರ ಸಿಗುವುದು ಕಷ್ಟ.

ಅದರ ನಿಜವಾದ ಪರೀಕ್ಷೆ ನಡೆದದ್ದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದಲ್ಲಿ. ಅಲ್ಲಿ 1968ರಲ್ಲಿ ವಿದೇಶಿ ಟ್ರಾಲರುಗಳೂ ಸೇರಿ ಸುಮಾರು 8 ಲಕ್ಷ ಟನ್ ಕಾಡ್ ಮೀನು ಹಿಡಿದಿದ್ದರು. 1977ರಲ್ಲಿ ಕೆನಡಾ ತನ್ನ ಅಧಿಕಾರವನ್ನು 200 ನಾಟಿಕಲ್ ಮೈಲಿವರೆಗೆ ವಿಸ್ತರಿಸಿ ಮಿತಿ ನಿಗದಿಪಡಿಸಿದಾಗ, ಇನ್ನು ಮೀನು ಹೆಚ್ಚುವುದೊಂದೇ ಬಾಕಿ ಎಂಬ ಭಾವನೆಯಿತ್ತು. ವಿಜ್ಞಾನಿಗಳ ಕೈಯಲ್ಲಿ ಎರಡು ಅಳತೆಗೋಲುಗಳಿದ್ದವು: ಸಂಶೋಧನಾ ಹಡಗಿನ ಸಮೀಕ್ಷೆ ಮತ್ತು ವಾಣಿಜ್ಯ ಟ್ರಾಲರುಗಳು ಒಂದು ಗಂಟೆಗೆ ಎಷ್ಟು ಮೀನು ಎತ್ತುತ್ತವೆ ಎಂಬ ಲೆಕ್ಕ. ಎರಡನೆಯದು ಆಶಾದಾಯಕವಾಗಿತ್ತು. ಆದರೆ ಕಾಡ್ ಮೀನು ಸಂಖ್ಯೆಯಲ್ಲಿ ಕುಗ್ಗಿದಾಗಲೂ ಚದುರದೆ ಗುಂಪುಗೂಡುತ್ತದೆ. ಶಬ್ದತರಂಗಗಳಿಂದ ಮೀನನ್ನು ಪತ್ತೆಹಚ್ಚುವ ಯಂತ್ರವಿರುವ ಟ್ರಾಲರು ನೇರವಾಗಿ ಆ ಗುಂಪಿನ ಮೇಲೆಯೇ ಬಲೆ ಎಳೆಯುತ್ತದೆ. ಗುಂಪುಗಳು ಹತ್ತಿದ್ದದ್ದು ಮೂರಕ್ಕೆ ಇಳಿದರೂ ಗಂಟೆಯ ಲೆಕ್ಕ ಇಳಿಯುವುದಿಲ್ಲ.

ಬೇಸಿಗೆಯಲ್ಲಿ ಕ್ಯಾಪೆಲಿನ್ ಎಂಬ ಸಣ್ಣ ಮೀನನ್ನು ಅಟ್ಟಿಸಿಕೊಂಡು ದಡದತ್ತ ಬರುವ ಕಾಡ್‌ಗಾಗಿ ಬಲೆ ಕಟ್ಟಿ ಕಾಯುತ್ತಿದ್ದ ಸಣ್ಣ ದೋಣಿಯವರಿಗೆ ಈ ಇಳಿಕೆ ಮೊದಲೇ ಕಂಡಿತ್ತು. ಮೀನು ಕಡಿಮೆಯಾಗಿದೆ, ಬಂದದ್ದೂ ಗಾತ್ರದಲ್ಲಿ ಚಿಕ್ಕದು ಎಂದು ಅವರು 1980ರ ದಶಕದುದ್ದಕ್ಕೂ ಹೇಳುತ್ತಲೇ ಬಂದರು. ಅವರು ಒಂದೆಡೆ ನಿಂತು ಕಾಯುವವರಾದ್ದರಿಂದ ಅವರ ಅನುಭವ ಗಂಟೆಯ ಲೆಕ್ಕದ ಕೋಷ್ಟಕಕ್ಕೆ ಹೊಂದಲಿಲ್ಲ. ಹೊಂದದ್ದಕ್ಕೆ ಹೊಸ ಕೋಷ್ಟಕ ಬರೆಯುವ ವ್ಯವಧಾನ ಆಗ ಇದ್ದಂತೆ ಕಾಣುವುದಿಲ್ಲ. 1989ರ ಹೊತ್ತಿಗೆ ವಿಜ್ಞಾನಿಗಳೇ ಲೆಕ್ಕ ತಿದ್ದಿಕೊಂಡು 1,25,000 ಟನ್ ಮಿತಿಯನ್ನು ಸೂಚಿಸಿದರು, ನಿಗದಿಯಾದದ್ದು 2,35,000. ಸಂಸ್ಕರಣಾ ಘಟಕಗಳು, ಕೂಲಿ, ಸಾಲ ಎಲ್ಲವೂ ಹಳೆಯ ಅಂಕಿಗೆ ಕಟ್ಟಿಕೊಂಡಿದ್ದವು. 1992ರ ಜುಲೈ 2ರಂದು ಮೀನುಗಾರಿಕೆಯನ್ನು ಎರಡು ವರ್ಷಗಳಿಗೆಂದು ನಿಲ್ಲಿಸಲಾಯಿತು; ಸುಮಾರು 30,000 ಮಂದಿ ಕೆಲಸ ಕಳೆದುಕೊಂಡರು. ಆ ನಿಷೇಧ ತೆರವಾದದ್ದು 2024ರಲ್ಲಿ, ಅದೂ 18,000 ಟನ್ನಿನ ಮಿತಿಯೊಂದಿಗೆ. ನೀರು ಅಸಾಧಾರಣವಾಗಿ ತಣ್ಣಗಾದದ್ದೂ ಕುಸಿತಕ್ಕೆ ಕಾರಣವೆಂಬ ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ.

ನಿಷೇಧ ಬಂದ ಮೂರು ವರ್ಷಗಳ ನಂತರ, 1995ರಲ್ಲಿ, ಮೀನುಗಾರಿಕಾ ವಿಜ್ಞಾನಿ ಡೇನಿಯಲ್ ಪಾಲಿ ಇನ್ನೊಂದು ಸೂಕ್ಷ್ಮವನ್ನು ಎತ್ತಿ ತೋರಿಸಿದರು: ಪ್ರತಿ ತಲೆಮಾರಿನ ವಿಜ್ಞಾನಿ ತಾನು ವೃತ್ತಿ ಆರಂಭಿಸಿದಾಗ ಕಂಡ ಸಮುದ್ರವನ್ನೇ ಮೂಲಸ್ಥಿತಿ ಎಂದುಕೊಳ್ಳುತ್ತಾನೆ, ಹಾಗಾಗಿ ಇಳಿಕೆ ಇಳಿಕೆಯಾಗಿ ಕಾಣುವುದೇ ಇಲ್ಲ. 2016ರಲ್ಲಿ ಅವರೂ ಡರ್ಕ್ ಜೆಲ್ಲರ್ ಅವರೂ ವರದಿಯಾಗದ ಮೀನನ್ನೂ ಸೇರಿಸಿ, 1996ರಲ್ಲಿ ಜಗತ್ತು ಹಿಡಿದದ್ದು ಅಧಿಕೃತ ದಾಖಲೆಯ 8.6 ಕೋಟಿ ಟನ್ ಅಲ್ಲ, 13 ಕೋಟಿ ಟನ್ ಎಂದು ಅಂದಾಜಿಸಿದರು. ರೇ ಹಿಲ್ಬಾರ್ನ್ ಅವರಂಥ ಮೀನುಗಾರಿಕಾ ವಿಜ್ಞಾನಿಗಳು ಹಿಡಿದ ಪ್ರಮಾಣವನ್ನಷ್ಟೇ ನೋಡಿ ಸಮುದ್ರದ ಸ್ಥಿತಿ ಹೇಳಲಾಗದು ಎಂದು ಆಕ್ಷೇಪಿಸುತ್ತಾ ಬಂದಿದ್ದಾರೆ. ನ್ಯೂಫೌಂಡ್‌ಲ್ಯಾಂಡಿನ ಅನುಭವದ ನಂತರ ಆ ಆಕ್ಷೇಪ ಮೀನು ಕುಗ್ಗಿದೆ ಎನ್ನುವವರಿಗೂ ಚೇತರಿಸಿಕೊಂಡಿದೆ ಎನ್ನುವವರಿಗೂ ಅನ್ವಯಿಸುತ್ತದೆ.

ಉಷ್ಣವಲಯದ ಸಮುದ್ರಗಳಲ್ಲಿ ಕೆಲಸ ಇನ್ನೂ ಕಠಿಣ. ಒಂದೇ ಬಲೆಯಲ್ಲಿ ಹತ್ತಾರು ಜಾತಿಯ ಮೀನು ಬರುತ್ತದೆ. ಚಳಿಗಾಲದ ಅಂತರ ಅಷ್ಟಾಗಿ ಇಲ್ಲದ ಕಾರಣ ಹುರುಪೆಯ ಉಂಗುರಗಳೂ ಸ್ಪಷ್ಟವಾಗಿ ಮೂಡುವುದಿಲ್ಲ. ಹಾಗಾಗಿ ಅಲ್ಲಿ ಮೀನನ್ನು ಅಳತೆಯ ಹಲಗೆಯ ಮೇಲಿಟ್ಟು ಮೂತಿಯಿಂದ ಬಾಲದವರೆಗಿನ ಉದ್ದವನ್ನು ಬರೆದುಕೊಂಡು, ಸಾವಿರಾರು ಉದ್ದಗಳಿಂದ ವಯಸ್ಸನ್ನೂ ಸಾವಿನ ಪ್ರಮಾಣವನ್ನೂ ಲೆಕ್ಕ ಹಾಕುತ್ತಾರೆ. ಬೆಲೆ ಬಾರದೆಂದು ನಡುಗಡಲಲ್ಲೇ ಎಸೆದ ಮರಿಮೀನು ಆ ಹಲಗೆಯವರೆಗೆ ಬರುವುದಿಲ್ಲ.